ನಾಯಿಗೆ ಪಥ್ಯ

ಜರ್ಮನಿಯ ಬಾನ್ ನಗರದ ಸಮೀಪದಲ್ಲಿ ಓಬರ್‌ಕಾಸೆಲ್ ಎಂಬ ಸ್ಥಳವಿದೆ. 1914ರಲ್ಲಿ ಅಲ್ಲಿಯ ಕಲ್ಲುಗಣಿಯೊಂದರಲ್ಲಿ ಕೆಲಸಮಾಡುತ್ತಿದ್ದವರಿಗೆ ಅತ್ಯಂತ ಪುರಾತನವಾದ ಸಮಾಧಿಯೊಂದು ದೊರೆಯಿತು. ಅದರಲ್ಲಿ ಒಬ್ಬ ಗಂಡಸಿನ ಮತ್ತು ಒಬ್ಬ ಹೆಂಗಸಿನ ಅಸ್ಥಿಗಳೊಡನೆ ಒಂದು ನಾಯಿಮರಿಯ ಅಸ್ಥಿಗಳೂ ಇದ್ದುವು. ಅವುಗಳ ವಯಸ್ಸು ಸುಮಾರು 14,000 ವರ್ಷ. ಆ ಮರಿಯ ಹಲ್ಲುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ ಸಂಶೋಧಕರು 2018ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಹಲ್ಲಿನ ಹೊರಕವಚದಲ್ಲಿ ಕಂಡ ದೋಷಗಳಿಂದ, ಅದಕ್ಕೆ ಡಿಸ್ಟೆಂಪರ್ ಎಂಬ ಜಾಡ್ಯ ತಗಲಿತ್ತೆಂದೂ, ಅದು ಕೆಲವು ವಾರಗಳ ಕಾಲ ಅದರಿಂದ ನರಳಿತ್ತೆಂದೂ ಅವರು ತರ್ಕಿಸಿದರು. ಜ್ವರ, ವಾಂತಿ, ಭೇದಿಗಳು ಈ ಜಾಡ್ಯದ ಲಕ್ಷಣಗಳು. ಯಾರೋ ಅದನ್ನು ಶುಚಿಮಾಡಿ, ಬೆಚ್ಚಗಿಟ್ಟು, ನೀರು ಆಹಾರಗಳನ್ನು ಕೊಟ್ಟಿರದಿದ್ದರೆ ಆ ಮರಿ ಅಷ್ಟು ದಿನ ಬದುಕಿರುವುದು ಸಾಧ್ಯವಿರಲಿಲ್ಲವೆಂಬುದು ಅವರ ಅಭಿಪ್ರಾಯ.

ರೋಗದಿಂದ ಮಲಗಿದ ನಾಯಿಯ ಮುಂದೆ ಕುಳಿತು, "ಇದಕ್ಕೆ ಏನನ್ನು ತಿನ್ನಲು ಕೊಡಲಿ?" ಎಂದು ಚಿಂತಿಸುವವನು ಹಾಗಾದರೆ ಬಹು ಹಳೆಯ ಪರಂಪರೆಗೆ ಸೇರಿದವನು. ಆದರೆ ಶಿಲಾಯುಗದ ಆ ಮನುಷ್ಯನಿಗೆ ತಿಳಿಯದಿದ್ದ ಎಷ್ಟೋ ವಿಷಯಗಳು ನಮಗೆ ತಿಳಿದಿವೆ. ಅವನ್ನು ಬಲ್ಲವರು ಕೂಡ ಕನಿಕರದ ಭರದಲ್ಲಿ ಮರೆತು, ನಾಯಿಯ ತಟ್ಟೆಗೆ ಹಾಲು ಸುರಿಯುತ್ತಾರೆ, ಅನ್ನಕ್ಕೆ ತುಪ್ಪ ಬೆರೆಸುತ್ತಾರೆ. ಪಥ್ಯವೆಂಬುದು ಪ್ರೀತಿಯನ್ನು ತೋರಿಸುವ ಆಹಾರವಲ್ಲ. ಜೀರ್ಣಾಂಗಗಳ ಯಾವ ಭಾಗ ಬಳಲಿದೆಯೋ ಆ ಭಾಗಕ್ಕೆ ವಿಶ್ರಾಂತಿಯನ್ನೂ ಪೋಷಣೆಯನ್ನೂ ಒಟ್ಟಿಗೆ ಒದಗಿಸುವ ಆಹಾರವೇ ಪಥ್ಯ. ಆದುದರಿಂದ ತಟ್ಟೆಗೆ ಏನು ಹಾಕಬೇಕೆಂದು ಕೇಳುವ ಮೊದಲು, ತಟ್ಟೆಯಿಂದ ಹೊರಟ ತುತ್ತು ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ.

ತುತ್ತಿನ ಪ್ರಯಾಣ

ನಾವು ಅನ್ನವನ್ನು ಅಗಿಯುವಾಗಲೇ ಅದರ ಪಿಷ್ಟದ ಪಚನ ಆರಂಭವಾಗುತ್ತದೆ. ಏಕೆಂದರೆ ನಮ್ಮ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವಿದೆ. ನಾಯಿಯ ಜೊಲ್ಲಿನಲ್ಲಿ ಈ ಕಿಣ್ವ ಇಲ್ಲವೆಂದೇ ಹೇಳಬಹುದು. ಅದರ 42 ಹಲ್ಲುಗಳು ಹರಿಯುವುದಕ್ಕೂ ಕತ್ತರಿಸುವುದಕ್ಕೂ ತಕ್ಕವೇ ಹೊರತು ನುಣ್ಣಗೆ ಅರೆಯುವುದಕ್ಕೆ ಅಷ್ಟು ತಕ್ಕವಲ್ಲ. ನಾಯಿ ತುತ್ತನ್ನು ಗುಳುಕ್ಕನೆ ನುಂಗುವುದು ಅದರ ದುರಾಶೆಯಿಂದಲ್ಲ; ಅದರ ಬಾಯಿಯ ರಚನೆಯೇ ಹಾಗೆ.

ಜಠರದಲ್ಲಿ ನಡೆಯುವುದನ್ನು ನಾಯಿಗಳಲ್ಲಿಯೇ ಪ್ರಯೋಗ ನಡೆಸಿ ತೋರಿಸಿಕೊಟ್ಟವನು ರಷ್ಯದ ವಿಜ್ಞಾನಿ ಇವಾನ್ ಪಾವ್ಲೊವ್. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಕಥೆಯಿಂದ ವಾಚಕರಿಗೆ ಅವನ ಹೆಸರು ಪರಿಚಿತವಾಗಿರಬಹುದು. ಆದರೆ 1904ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆತದ್ದು ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಳಿಗಾಗಿ. ನಾಯಿಯ ಜಠರದ ಒಂದು ಸಣ್ಣ ಭಾಗವನ್ನು, ನರಗಳಿಗೆ ಅಪಾಯವಾಗದಂತೆ ಪ್ರತ್ಯೇಕಿಸಿ, ಚೀಲದಂತೆ ಹೊಲಿದು, ಅದರ ಬಾಯಿಯನ್ನು ಹೊರಕ್ಕೆ ತೆರೆದಿಟ್ಟು, ಒಳಗೆ ಒಸರುವ ರಸವನ್ನು ಅವನು ಸಂಗ್ರಹಿಸಿದನು. ಮಾಂಸ, ರೊಟ್ಟಿ, ಹಾಲು ಇವುಗಳಲ್ಲಿ ಒಂದೊಂದಕ್ಕೂ ರಸದ ಪ್ರಮಾಣ, ಹುಳಿ ಮತ್ತು ಪಚನಶಕ್ತಿ ಬೇರೆಬೇರೆಯಾಗಿರುವುದು ಕಂಡುಬಂತು. ಜಠರ ಏನು ಬಿದ್ದರೂ ಅರೆಯುವ ಒರಳಲ್ಲ, ಬಂದ ಆಹಾರಕ್ಕೆ ತಕ್ಕಂತೆ ವರ್ತಿಸುವ ಅಂಗವೆಂಬುದು ಇದರಿಂದ ಸ್ಪಷ್ಟವಾಯಿತು.

ಜಠರದಿಂದ ಮುಂದಕ್ಕೆ ಸಾಗಿದ ಆಹಾರ ಸಣ್ಣ ಕರುಳನ್ನು ಸೇರುತ್ತದೆ. ಇಲ್ಲಿ ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳೂ ಬಂದು ಕೂಡುತ್ತವೆ. ಕೊಬ್ಬು, ಸಸಾರಜನಕ, ಪಿಷ್ಟಗಳೆಲ್ಲ ಚೂರುಚೂರಾಗಿ, ಕರುಳಿನ ಒಳಗೋಡೆಯಲ್ಲಿರುವ ಬೆರಳಿನಾಕಾರದ ಸಹಸ್ರಾರು ಸೂಕ್ಷ್ಮ ಚಾಚಿಕೆಗಳ ಮೂಲಕ ರಕ್ತಕ್ಕೆ ಸೇರುವುದು ಇಲ್ಲಿಯೇ. ಹುಲ್ಲು ಮೇಯುವ ಕುರಿಯ ಕರುಳು ಅದರ ದೇಹದ ಉದ್ದಕ್ಕಿಂತ ಇಪ್ಪತ್ತೈದು ಪಟ್ಟಿನಷ್ಟಿದ್ದರೆ, ನಾಯಿಯದು ಐದಾರು ಪಟ್ಟು ಮಾತ್ರ. ಹೀಗಾಗಿ ಒರಟಾದ ಸಸ್ಯಾಹಾರವನ್ನು ಬಹುಕಾಲ ಇಟ್ಟುಕೊಂಡು ಕರಗಿಸುವ ಅನುಕೂಲ ನಾಯಿಗೆ ಇಲ್ಲ. ಉಳಿದ ಅಂಶ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ನೀರು ಹೀರಲ್ಪಡುತ್ತದೆ. ಕೋಟ್ಯಂತರ ಸೂಕ್ಷ್ಮಜೀವಿಗಳು ನಾರಿನ ಒಂದಂಶವನ್ನು ಹುದುಗಿಸುತ್ತವೆ.

ಹಾಗಾದರೆ ನಾಯಿ ಕೇವಲ ಮಾಂಸಾಹಾರಿಯೆ? ಪೂರ್ತಿಯಾಗಿ ಅಲ್ಲ. 2013ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಮೇದೋಜೀರಕ ಗ್ರಂಥಿಯಲ್ಲಿ ಅಮೈಲೇಸನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು! ಬೇಸಾಯಗಾರನ ಮನೆಯಂಗಳದಲ್ಲಿ ಅನ್ನ, ಅಂಬಲಿ, ರೊಟ್ಟಿಚೂರುಗಳನ್ನು ತಿಂದು ಬದುಕಿದ ಪ್ರಾಣಿಗೆ ಪಿಷ್ಟವನ್ನು ಕರಗಿಸುವ ಸಾಮರ್ಥ್ಯ ತಲೆಮಾರಿನಿಂದ ತಲೆಮಾರಿಗೆ ಹೆಚ್ಚಿತೆಂದು ಇದರ ಅರ್ಥ. ನಮ್ಮ ಹಳ್ಳಿಯ ನಾಯಿ ಮುದ್ದೆ ತಿಂದು ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಪಿಷ್ಟ ಚೆನ್ನಾಗಿ ಬೆಂದಿರಬೇಕು. ಬೆಂದಾಗ ಅದರ ಕಣಗಳು ನೀರನ್ನು ಹೀರಿ ಉಬ್ಬಿ ಒಡೆಯುತ್ತವೆ. ಆಗ ಕಿಣ್ವಕ್ಕೆ ಅವು ಸುಲಭವಾಗಿ ಸಿಕ್ಕುತ್ತವೆ.

ತೊಂದರೆ ಎಲ್ಲಿದೆ?

ಭೇದಿಯೆಂದರೆ ಎಲ್ಲವೂ ಒಂದೇ ಅಲ್ಲ. ಅದರ ರೀತಿಯನ್ನು ಗಮನಿಸಿದರೆ ತೊಂದರೆ ಕರುಳಿನ ಯಾವ ಭಾಗದಲ್ಲಿದೆಯೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ದಿನಕ್ಕೆ ಕೆಲವೇ ಸಲ, ಆದರೆ ಪ್ರತಿ ಸಲವೂ ಹೇರಳವಾಗಿ, ನೀರಾಗಿ ಅಥವಾ ಜಿಡ್ಡಾಗಿ ಹೋಗುತ್ತಿದ್ದು, ನಾಯಿ ತೂಕ ಕಳೆದುಕೊಳ್ಳುತ್ತಿದ್ದರೆ ದೋಷ ಸಣ್ಣ ಕರುಳಿನಲ್ಲಿದೆ. ಮತ್ತೆ ಮತ್ತೆ ತಿಣುಕುತ್ತ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದು, ಲೋಳೆಯೂ ಕೆಂಪು ರಕ್ತದ ಎಳೆಯೂ ಕಂಡರೆ ದೋಷ ದೊಡ್ಡ ಕರುಳಿನಲ್ಲಿದೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಮೇಲಿನ ಭಾಗದಲ್ಲೆಲ್ಲೋ ರಕ್ತ ಸೋರಿ ಜೀರ್ಣವಾಗಿ ಬರುತ್ತಿದೆಯೆಂದು ತಿಳಿಯಬೇಕು. ಈ ವ್ಯತ್ಯಾಸ ಮುಖ್ಯವಾದುದು. ಏಕೆಂದರೆ ಒಂದಕ್ಕೆ ಹಿತವಾದ ಆಹಾರ ಇನ್ನೊಂದಕ್ಕೆ ಅಷ್ಟು ಹಿತವಾಗದು.

ಪಥ್ಯದಿಂದ ವಾಸಿಯಾಗದ ಸಂದರ್ಭಗಳೂ ಇವೆ. ಅವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1978ರಲ್ಲಿ ಲೋಕಕ್ಕೆ ಗೊತ್ತಾದ ಪಾರ್ವೊ ಎಂಬ ವೈರಸ್ಸು, ಲಸಿಕೆ ಹಾಕಿಸಿಕೊಳ್ಳದ ಮರಿಗಳಲ್ಲಿ ಕರುಳಿನ ಒಳಪೊರೆಯನ್ನು ಹೊಸದಾಗಿ ಕಟ್ಟುವ ಕೋಶಗಳನ್ನೇ ನಾಶಮಾಡುತ್ತದೆ. ಮರಿ ಮಂಕಾಗಿ ಮಲಗಿ, ಪದೇ ಪದೇ ವಾಂತಿಮಾಡುತ್ತ, ದುರ್ಗಂಧದ ರಕ್ತಭೇದಿಯಿಂದ ಬಳಲುತ್ತಿದ್ದರೆ ಗಂಜಿ ಕಾಯಿಸುತ್ತ ಕೂರುವುದು ಸಲ್ಲದು. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಗ್ರೇಟ್ ಡೇನ್, ಆಲ್ಸೇಷಿಯನ್ ಮೊದಲಾದ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಒಮ್ಮೊಮ್ಮೆ ಜಠರ ಗಾಳಿ ತುಂಬಿ ಉಬ್ಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಡೋಲಿನಂತೆ ಬಿಗಿದು, ಓಕರಿಸಿದರೂ ಏನೂ ಹೊರಬಾರದೆ ನಾಯಿ ತಳಮಳಿಸುತ್ತಿದ್ದರೆ ಉಳಿದಿರುವುದು ಕೆಲವು ಗಂಟೆಗಳ ಅವಕಾಶ ಮಾತ್ರ. ಜಂತುಹುಳು, ಕೊಕ್ಕೆಹುಳುಗಳ ಬಾಧೆ ನಮ್ಮ ದೇಶದಲ್ಲಿ ಬಹು ಸಾಮಾನ್ಯ. ಮಲಪರೀಕ್ಷೆ ಮಾಡಿಸದೆ ಆಹಾರವನ್ನು ಮಾತ್ರ ಬದಲಾಯಿಸುತ್ತ ಹೋದರೆ ಪ್ರಯೋಜನವಿಲ್ಲ. ನಮಗಾಗಿ ತಂದ ನೋವಿನ ಮಾತ್ರೆಯನ್ನಾಗಲಿ ಭೇದಿಯ ಮಾತ್ರೆಯನ್ನಾಗಲಿ ನಾಯಿಗೆ ಕೊಡಬಾರದು. ಕೆಲವು ಅದಕ್ಕೆ ವಿಷಪ್ರಾಯವಾಗುತ್ತವೆ.

ನೀರಿನ ಕೊರತೆಯನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಆರೋಗ್ಯವಂತ ನಾಯಿಯಲ್ಲಿ ಅದು ತಟ್ಟನೆ ಸ್ವಸ್ಥಾನಕ್ಕೆ ಮರಳುತ್ತದೆ. ನಿಧಾನವಾಗಿ ಇಳಿದರೆ, ವಸಡು ತೇವವಿಲ್ಲದೆ ಅಂಟಂಟಾಗಿದ್ದರೆ, ಶರೀರದಲ್ಲಿ ನೀರು ಸಾಲದಾಗಿದೆ. ಮರಿಗಳಲ್ಲಿ ಈ ಸ್ಥಿತಿ ಬಹು ಬೇಗ ಪ್ರಾಣಾಪಾಯಕ್ಕೆ ತಿರುಗುತ್ತದೆ.

ಉಪವಾಸವೆ, ಊಟವೆ?

ಹೊಟ್ಟೆ ಕೆಟ್ಟರೆ ಲಂಘನವೇ ಪರಮೌಷಧವೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ನಾಯಿಗೂ ಇಪ್ಪತ್ತನಾಲ್ಕು ಗಂಟೆ ಏನನ್ನೂ ಕೊಡಬಾರದೆಂದು ಬಹುಕಾಲ ಬೋಧಿಸಲಾಗುತ್ತಿತ್ತು. ಈಗ ಈ ನಿಯಮ ಸಡಿಲಗೊಂಡಿದೆ. ಅದಕ್ಕೆ ಕಾರಣವೂ ಸ್ವಾರಸ್ಯವಾಗಿದೆ. ಕರುಳಿನ ಒಳಪೊರೆಯ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೋಗಿ ಹೊಸವು ಬರುತ್ತಿರುತ್ತವೆ. ಈ ಕೋಶಗಳು ತಮಗೆ ಬೇಕಾದ ಪೋಷಣೆಯಲ್ಲಿ ಒಂದು ದೊಡ್ಡ ಪಾಲನ್ನು ರಕ್ತದಿಂದಲ್ಲ, ಕರುಳಿನೊಳಗೆ ಹಾದುಹೋಗುವ ಆಹಾರದಿಂದಲೇ ಪಡೆಯುತ್ತವೆ. ಕರುಳು ಬರಿದಾಗಿ ಉಳಿದರೆ ಬೆರಳಿನಂಥ ಚಾಚಿಕೆಗಳು ಕುಗ್ಗುತ್ತವೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಾರ್ವೊ ರೋಗ ತಗಲಿದ್ದ ನಾಯಿಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ವಾಂತಿ ನಿಲ್ಲುವವರೆಗೆ ಆಹಾರ ಕೊಡದೆ, ಇನ್ನೊಂದಕ್ಕೆ ಮೂಗಿನ ಮೂಲಕ ಇಳಿಸಿದ ಕೊಳವೆಯಿಂದ ಆರಂಭದಲ್ಲಿಯೇ ದ್ರವಾಹಾರ ಕೊಡಲಾಯಿತು. ಎರಡನೆಯ ಗುಂಪಿನವು ಬೇಗ ಚೇತರಿಸಿಕೊಂಡುವು, ತೂಕವನ್ನೂ ಗಳಿಸಿದುವು.

ಆದುದರಿಂದ ಬೆಳೆದ ನಾಯಿ ವಾಂತಿಮಾಡಿಕೊಳ್ಳುತ್ತಿದ್ದರೆ ಅದರ ಜಠರಕ್ಕೆ ಕೆಲವು ಗಂಟೆಗಳ ಬಿಡುವು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಕೇವಲ ಭೇದಿಯಿದ್ದು ನಾಯಿ ಹಸಿವು ತೋರಿಸಿದರೆ ಹಗುರವಾದ ಆಹಾರವನ್ನು ತಡೆಯಬೇಕಾಗಿಲ್ಲ. ಪುಟ್ಟ ಮರಿಗಳನ್ನಂತೂ ಉಪವಾಸ ಕೆಡವಲೇಬಾರದು. ಶುದ್ಧವಾದ ನೀರನ್ನು ಸ್ವಲ್ಪಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡುತ್ತಿರಬೇಕು.

ಹಗುರವಾದ ಊಟದ ಲೆಕ್ಕ

ಸಣ್ಣ ಕರುಳು ಬಳಲಿದಾಗ ಆಹಾರದಲ್ಲಿ ನಾಲ್ಕು ಗುಣಗಳಿರಬೇಕು. ಪದಾರ್ಥಗಳು ಕೆಲವೇ ಇರಬೇಕು, ಸುಲಭವಾಗಿ ಕರಗಬೇಕು, ಕೊಬ್ಬು ಕಡಿಮೆಯಿರಬೇಕು, ಒಂದು ಹೊತ್ತಿನ ಪ್ರಮಾಣ ಸ್ವಲ್ಪವಾಗಿರಬೇಕು. ಮೆತ್ತಗೆ ಬೇಯಿಸಿದ ಬಿಳಿಯ ಅನ್ನ, ಚರ್ಮವನ್ನೂ ಮೂಳೆಯನ್ನೂ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸ, ಇವೆರಡರ ಮಿಶ್ರಣ ಈ ನಾಲ್ಕನ್ನೂ ಪೂರೈಸುತ್ತದೆ. ಉಪ್ಪು, ಎಣ್ಣೆ, ಒಗ್ಗರಣೆ ಯಾವುದೂ ಬೇಡ. ಮಾಂಸ ಬಳಸದ ಮನೆಗಳಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಯ ಭಾಗವನ್ನಾಗಲಿ, ಕೆನೆ ತೆಗೆದ ಹಾಲನ್ನು ಒಡೆಸಿ ನೀರು ಬಸಿದ ಪನೀರನ್ನಾಗಲಿ ಉಪಯೋಗಿಸಬಹುದು. ರಾಗಿ ಉತ್ತಮ ಧಾನ್ಯವೇ. ಆದರೆ ಅದರಲ್ಲಿ ನಾರು ಹೆಚ್ಚು. ಆರೋಗ್ಯವಂತ ನಾಯಿಗೆ ಅದು ಸಲ್ಲುತ್ತದೆ. ಸಣ್ಣ ಕರುಳು ಕೆಟ್ಟಾಗ ಅಕ್ಕಿಯೇ ಮೇಲು.

ಎಷ್ಟು ಕೊಡಬೇಕು? ಇದಕ್ಕೆ ಒಂದು ಸೂತ್ರವಿದೆ. ಪ್ರಾಣಿಗಳ ದೇಹ ದೊಡ್ಡದಾದಂತೆಲ್ಲ ಶಕ್ತಿಯ ಅವಶ್ಯಕತೆ ಹೆಚ್ಚುತ್ತದೆ. ಆದರೆ ತೂಕ ಹೆಚ್ಚುವಷ್ಟೇ ವೇಗದಲ್ಲಿ ಅಲ್ಲ. ಅದು ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿದನು. ನಾಯಿಯ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಅದರ ಘನವನ್ನು ಕಂಡುಹಿಡಿದು, ಎರಡು ಸಲ ವರ್ಗಮೂಲ ತೆಗೆದು, ಬಂದುದನ್ನು 70ರಿಂದ ಗುಣಿಸಿದರೆ, ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲರಿಗಳು ದೊರೆಯುತ್ತವೆ. 10 ಕಿಲೋ ತೂಕದ ನಾಯಿಯನ್ನು ತೆಗೆದುಕೊಳ್ಳೋಣ. ಘನ 1,000, ಮೊದಲ ವರ್ಗಮೂಲ 31.6, ಎರಡನೆಯದು 5.62. ಇದನ್ನು 70ರಿಂದ ಗುಣಿಸಿದರೆ ಸುಮಾರು 394. ಅದೇ ಲೆಕ್ಕದಂತೆ 40 ಕಿಲೋ ನಾಯಿಗೆ ಸುಮಾರು 1,113. ನಾಲ್ಕು ಪಟ್ಟು ತೂಗುವ ನಾಯಿಗೆ ನಾಲ್ಕು ಪಟ್ಟು ಊಟ ಬೇಕಿಲ್ಲವೆಂಬುದನ್ನು ಗಮನಿಸಿ.

100 ಗ್ರಾಂ ಅನ್ನದಲ್ಲಿ ಸುಮಾರು 130, ಬೇಯಿಸಿದ 100 ಗ್ರಾಂ ಎದೆಮಾಂಸದಲ್ಲಿ ಸುಮಾರು 165 ಕಿಲೋಕ್ಯಾಲರಿಗಳಿವೆ. ಹಾಗಾದರೆ 200 ಗ್ರಾಂ ಅನ್ನ, 80 ಗ್ರಾಂ ಮಾಂಸ ನಮ್ಮ 10 ಕಿಲೋ ನಾಯಿಗೆ ಒಂದು ದಿನಕ್ಕೆ ಸಾಕು. ಮೊದಲ ದಿನ ಇದರಲ್ಲಿ ಅರ್ಧವನ್ನು ಮಾತ್ರ ನಾಲ್ಕೈದು ಪಾಲುಮಾಡಿ ಕೊಟ್ಟು ನೋಡಬೇಕು. ದಕ್ಕಿದರೆ ಮರುದಿನ ಪೂರ್ತಿ ಕೊಡಬಹುದು. ಮಲ ಗಟ್ಟಿಯಾದ ಮೇಲೆ ಒಂದೆರಡು ದಿನ ಇದನ್ನೇ ಮುಂದುವರಿಸಿ, ಆಮೇಲೆ ವಾಡಿಕೆಯ ಆಹಾರವನ್ನು ಕಾಲುಭಾಗ, ಅರ್ಧಭಾಗ, ಮುಕ್ಕಾಲುಭಾಗ ಹೀಗೆ ಬೆರೆಸುತ್ತ ಸುಮಾರು ಒಂದು ವಾರದಲ್ಲಿ ಮೊದಲಿನ ಕ್ರಮಕ್ಕೆ ಬರಬೇಕು. ಈ ನಿಧಾನಕ್ಕೆ ಕಾರಣವುಂಟು: ಮೇದೋಜೀರಕ ಗ್ರಂಥಿ ತನ್ನ ಕಿಣ್ವಗಳ ಪ್ರಮಾಣವನ್ನು ಆಹಾರಕ್ಕೆ ಹೊಂದಿಸಿಕೊಳ್ಳಲು ಕೆಲವು ದಿನಗಳೇ ಬೇಕಾಗುತ್ತವೆ. ಎರಡು ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ ಪಶುವೈದ್ಯರನ್ನು ಕಾಣತಕ್ಕದ್ದು.

ದೊಡ್ಡ ಕರುಳಿನ ಬಾಧೆಯಲ್ಲಿ ನಾರು ಶತ್ರುವಲ್ಲ, ಮಿತ್ರ. ಬೇಯಿಸಿ ಹಿಸುಕಿದ ಸಿಹಿಕುಂಬಳ, ನೀರಿನಲ್ಲಿ ಚೆನ್ನಾಗಿ ನೆನೆಸಿದ ಇಸಬಗೋಲು ಇವುಗಳಲ್ಲಿರುವ ಮೃದುವಾದ ನಾರು ನೀರನ್ನು ಹಿಡಿದಿಟ್ಟು ಮಲಕ್ಕೆ ರೂಪ ಕೊಡುತ್ತದೆ. ಅಷ್ಟೇ ಅಲ್ಲ; ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿದಾಗ ಬ್ಯುಟಿರಿಕ್ ಆಮ್ಲದಂಥ ಪದಾರ್ಥಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಆಹಾರ.

ಹಾಲು, ತುಪ್ಪ, ಮೂಳೆ

ಮರಿಗಳಲ್ಲಿ ಹಾಲುಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಾಕಷ್ಟಿರುತ್ತದೆ. ತಾಯಿಯ ಹಾಲು ಬಿಟ್ಟ ಮೇಲೆ ಅದು ಕ್ರಮೇಣ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಹಾಲುಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ; ಮುಂದೆ ಸೂಕ್ಷ್ಮಜೀವಿಗಳ ಪಾಲಾಗಿ ವಾಯುವನ್ನು ಉಂಟುಮಾಡುತ್ತದೆ. ಭೇದಿಯಾಗುತ್ತಿರುವ ನಾಯಿಗೆ ಶಕ್ತಿ ಬರಲೆಂದು ಹಾಲು ಕುಡಿಸಿದರೆ ಭೇದಿ ಹೆಚ್ಚುವುದು ಇದರಿಂದಲೇ. ಮೊಸರಿನಲ್ಲಿ ಹಾಲುಸಕ್ಕರೆಯ ಒಂದಂಶ ಆಮ್ಲವಾಗಿ ಮಾರ್ಪಟ್ಟಿರುವುದರಿಂದ ಎಷ್ಟೋ ನಾಯಿಗಳಿಗೆ ಸ್ವಲ್ಪ ಮೊಸರು ಒಗ್ಗುತ್ತದೆ. ಪನೀರಿನಲ್ಲಿ ಅದರ ಬಹುಭಾಗ ಬಸಿದ ನೀರಿನೊಡನೆ ಹೊರಟುಹೋಗಿರುತ್ತದೆ.

ನಾಯಿಗೆ ತುಪ್ಪ ದಕ್ಕದೆಂದು ನಮ್ಮಲ್ಲಿ ಆಡುವುದುಂಟು. ಶಾಸ್ತ್ರದೃಷ್ಟಿಯಿಂದ ಈ ಮಾತು ಪೂರ್ತಿ ನಿಜವಲ್ಲ. ಆರೋಗ್ಯವಂತ ನಾಯಿ ಕೊಬ್ಬನ್ನು ಬಹಳ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಆದರೆ ಕೊಬ್ಬಿನ ಪಚನಕ್ಕೆ ಪಿತ್ತರಸ, ಕಿಣ್ವ, ಕರುಳಿನ ಗೋಡೆ ಮೂರೂ ಸರಿಯಾಗಿರಬೇಕು. ಒಂದು ಕೆಟ್ಟರೂ ಮೊದಲು ಅರಗದೆ ಉಳಿಯುವುದು ಕೊಬ್ಬೇ. ವಾಡಿಕೆಯಿಲ್ಲದ ನಾಯಿಗೆ ಹಬ್ಬದ ದಿನ ತುಪ್ಪದ ಒಬ್ಬಟ್ಟನ್ನೋ ಕರಿದ ತಿಂಡಿಯನ್ನೋ ಧಾರಾಳವಾಗಿ ಹಾಕಿದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ತುತ್ತಾಗಬಹುದು. ಆಗ ಗ್ರಂಥಿ ತನ್ನ ಕಿಣ್ವಗಳಿಂದ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಇದು ಪ್ರಾಣಕ್ಕೆ ಸಂಚಕಾರ ತರುವ ರೋಗ.

ಬೆಂದ ಮೂಳೆ ಚೂಪಾದ ಸಿಬಿರುಗಳಾಗಿ ಒಡೆದು ಕರುಳನ್ನು ಚುಚ್ಚಬಹುದು. ಹುಳಿ, ಸಾರು, ಪಲ್ಯಗಳಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಪಾಯಸದ ಒಣದ್ರಾಕ್ಷಿಯಿಂದ ಮೂತ್ರಪಿಂಡಗಳು ಕೆಡಬಹುದು. ಚಾಕೊಲೆಟ್ಟಿನಲ್ಲಿರುವ ಥಿಯೊಬ್ರೊಮಿನ್ ಹೃದಯಕ್ಕೆ ಅಪಾಯಕರ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲದಂಥ ರೋಗಾಣುಗಳಿರುವ ಸಂಭವವಿದ್ದು, ನಾಯಿಗೆ ಮಾತ್ರವಲ್ಲದೆ ಮನೆಯ ಮಕ್ಕಳಿಗೂ ಅದರಿಂದ ಅಪಾಯವಿದೆ.

ಮತ್ತೆ ಮತ್ತೆ ಮರುಕಳಿಸಿದರೆ

ಕೆಲವು ನಾಯಿಗಳ ತೊಂದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುತ್ತದೆ. ಅಲ್ಲಿ ಕಾರಣವನ್ನು ಹುಡುಕಲೇಬೇಕು. ಎಳೆಯ ವಯಸ್ಸಿನ ಆಲ್ಸೇಷಿಯನ್ನುಗಳಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವ ತಯಾರಿಸುವ ಭಾಗ ನಶಿಸಿಹೋಗುವ ರೋಗ ಹೆಚ್ಚಾಗಿ ಕಂಡುಬರುತ್ತದೆ. ಅಂಥ ನಾಯಿ ಬಕಾಸುರನಂತೆ ತಿಂದರೂ ಮೂಳೆಚಕ್ಕಳವಾಗುತ್ತದೆ. ಮಲ ಹೇರಳವಾಗಿ, ಬಿಳಿಚಿಕೊಂಡು, ಜಿಡ್ಡಾಗಿರುತ್ತದೆ. ರಕ್ತಪರೀಕ್ಷೆಯಿಂದ ರೋಗವನ್ನು ಗುರುತಿಸಿ, ಹಂದಿಯ ಮೇದೋಜೀರಕದಿಂದ ಪಡೆದ ಕಿಣ್ವದ ಪುಡಿಯನ್ನು ಪ್ರತಿ ಊಟದಲ್ಲಿ ಬೆರೆಸಿ ಕೊಟ್ಟರೆ ಬಹುತೇಕ ನಾಯಿಗಳು ಮತ್ತೆ ಮೈತುಂಬಿಕೊಳ್ಳುತ್ತವೆ. ಊಟದ ಪ್ರಮಾಣವನ್ನು ಎಷ್ಟು ಹೆಚ್ಚಿಸಿದರೂ ಆಗದ ಕೆಲಸವನ್ನು ಒಂದು ಚಮಚ ಪುಡಿ ಮಾಡಬಲ್ಲುದು.

ಇನ್ನು ಕೆಲವು ನಾಯಿಗಳಿಗೆ ಒಂದು ನಿರ್ದಿಷ್ಟ ಸಸಾರಜನಕವೇ ಆಗದು. ಗೋಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವು ಸಾಮಾನ್ಯವಾಗಿ ಕಂಡುಬರುವ ಕಾರಣಗಳು. ಇದನ್ನು ಪತ್ತೆಹಚ್ಚುವ ವಿಧಾನ ಪ್ರಯೋಗಶಾಲೆಯ ಯಾವ ಪ್ರಯೋಗಕ್ಕೂ ಕಡಿಮೆಯದಲ್ಲ. ನಾಯಿ ಹಿಂದೆಂದೂ ತಿಂದಿರದ ಒಂದೇ ಒಂದು ಸಸಾರಜನಕವನ್ನೂ ಒಂದೇ ಒಂದು ಪಿಷ್ಟವನ್ನೂ ಆರಿಸಿ, ಬೇರೇನನ್ನೂ ಕೊಡದೆ ಗಮನಿಸಬೇಕು. ಕರುಳಿನ ತೊಂದರೆ ಇದರಿಂದ ಹೋಗುವುದಾದರೆ ಅನೇಕವೇಳೆ ಎರಡು ವಾರಗಳೊಳಗೆ ಸುಧಾರಣೆ ಕಾಣುತ್ತದೆ. ಆಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟಾಗ ಲಕ್ಷಣಗಳು ಮರಳಿದರೆ ಮಾತ್ರ ಊಹೆ ದೃಢಪಟ್ಟಂತೆ. ಈ ಅವಧಿಯಲ್ಲಿ ಮನೆಯವರಲ್ಲಿ ಒಬ್ಬರು ಕಣ್ತಪ್ಪಿಸಿ ಬಿಸ್ಕತ್ತು ಹಾಕಿದರೂ ಪ್ರಯೋಗ ಕೆಟ್ಟಂತೆಯೇ.

ಪಥ್ಯವೇ ನಿತ್ಯದ ಊಟವಾಗಬಾರದು

ಅನ್ನ ಮತ್ತು ಕೋಳಿಯಿಂದ ನಾಯಿ ಗುಣಹೊಂದಿತೆಂದು ಅದನ್ನೇ ವರ್ಷಗಟ್ಟಲೆ ಮುಂದುವರಿಸುವವರಿದ್ದಾರೆ. ಇದು ಸರಿಯಲ್ಲ. ಬರಿಯ ಮಾಂಸದಲ್ಲಿ ಕ್ಯಾಲ್ಸಿಯಮ್ಮಿಗಿಂತ ರಂಜಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ನಾಯಿಗೆ ಬೇಕಾಗಿರುವುದು ರಂಜಕದಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಅನ್ನವೂ ಈ ಕೊರತೆಯನ್ನು ತುಂಬದು. ಆಗ ಶರೀರ ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಮ್ಮನ್ನು ಕಡ ತೆಗೆಯುತ್ತದೆ. ಬೆಳೆಯುವ ಮರಿಯ ಕಾಲುಗಳು ಬಾಗುತ್ತವೆ, ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಬಹುಕಾಲ ಮನೆಯ ಅಡುಗೆಯನ್ನೇ ಕೊಡುವುದಾದರೆ ಖನಿಜ ಮತ್ತು ಜೀವಸತ್ವಗಳ ಲೆಕ್ಕವನ್ನು ತಜ್ಞರಿಂದ ಹಾಕಿಸಬೇಕು.

ಅಂಗಡಿಯಲ್ಲಿ ಸಿದ್ಧ ಆಹಾರ ಕೊಳ್ಳುವವರು ಜಾಹೀರಾತಿನ ಚಿತ್ರವನ್ನು ನೋಡದೆ ಚೀಟಿಯಲ್ಲಿನ ಅಂಕಿಗಳನ್ನು ಓದಬೇಕು. ಅದು ಪೂರ್ಣ ಮತ್ತು ಸಮತೂಕದ ಆಹಾರವೆಂದು ಬರೆದಿದೆಯೆ, ಯಾವ ವಯಸ್ಸಿಗೆ ತಕ್ಕುದೆಂದು ಹೇಳಿದೆಯೆ ಎಂಬುದು ಮೊದಲ ಪ್ರಶ್ನೆ. ಎರಡನೆಯದು ಕೊಬ್ಬು. ಇಲ್ಲಿ ಒಂದು ಮೋಸಕರ ಅಂಕಿಯಿದೆ. ಒಂದು ಡಬ್ಬಿಯ ಮೇಲೆ ಕೊಬ್ಬು 6 ಶೇಕಡ, ನೀರು 78 ಶೇಕಡ ಎಂದಿದೆ. ಒಣ ಆಹಾರದ ಚೀಲದ ಮೇಲೆ ಕೊಬ್ಬು 12 ಶೇಕಡ, ನೀರು 10 ಶೇಕಡ ಎಂದಿದೆ. ಯಾವುದರಲ್ಲಿ ಕೊಬ್ಬು ಕಡಿಮೆ? ಡಬ್ಬಿಯಲ್ಲೆಂದು ಮೇಲುನೋಟಕ್ಕೆ ತೋರುತ್ತದೆ. ನೀರನ್ನು ಕಳೆದು ನೋಡಿದರೆ ಡಬ್ಬಿಯ 22 ಭಾಗ ಘನಪದಾರ್ಥದಲ್ಲಿ 6 ಭಾಗ ಕೊಬ್ಬು, ಅಂದರೆ ಸುಮಾರು 27 ಶೇಕಡ. ಚೀಲದ್ದು 90 ಭಾಗದಲ್ಲಿ 12, ಅಂದರೆ ಸುಮಾರು 13 ಶೇಕಡ ಮಾತ್ರ. ಕೊಬ್ಬು ತಡೆಯಲಾರದ ನಾಯಿಯ ಯಜಮಾನನಿಗೆ ಈ ಚಿಕ್ಕ ಭಾಗಾಕಾರ ದೊಡ್ಡ ಉಪಕಾರಮಾಡುತ್ತದೆ. ಧಾನ್ಯವಿಲ್ಲದ ಆಹಾರವೇ ಶ್ರೇಷ್ಠವೆಂಬ ಪ್ರಚಾರಕ್ಕೂ ಮರುಳಾಗಬೇಕಾಗಿಲ್ಲ. ಗೋಧಿಯೋ ಬೇರೆ ಧಾನ್ಯವೋ ಒಗ್ಗದ ಕೆಲವು ನಾಯಿಗಳಿಗೆ ಅದರಿಂದ ಪ್ರಯೋಜನವುಂಟು. ಉಳಿದವುಗಳಿಗೆ ಬೆಂದ ಧಾನ್ಯ ಹಗೆಯಲ್ಲವೆಂಬುದನ್ನು ನಾಯಿಯ ವಂಶವಾಹಿಗಳೇ ಸಾರುತ್ತಿವೆ.

ಮನೆಯಲ್ಲಿ ನಾಯಿಯಿರುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಒಂದು ಸಣ್ಣ ಪುಸ್ತಕದಲ್ಲಿ ದಿನದಿನವೂ ನಾಲ್ಕು ಸಂಗತಿಗಳನ್ನು ಬರೆದಿಡಿ: ನಾಯಿ ಏನು ತಿಂದಿತು, ಎಷ್ಟು ತಿಂದಿತು, ಅದರ ಮಲ ಹೇಗಿತ್ತು, ವಾರಕ್ಕೊಮ್ಮೆ ತೂಗಿದರೆ ತೂಕವೆಷ್ಟು. ತನ್ನ ನೋವು ಎಲ್ಲಿದೆಯೆಂದು ನಾಯಿ ಹೇಳಲಾರದು. ಪಶುವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆಲ್ಲ ಉತ್ತರ ಆ ಪುಸ್ತಕದಲ್ಲಿರುತ್ತದೆ. ಮುಂದಿನ ಸಲ ನಾಯಿ ಊಟ ಬಿಟ್ಟು ಮೂಲೆಯಲ್ಲಿ ಮುದುರಿಕೊಂಡಾಗ, ಹಾಲಿನ ಬಟ್ಟಲಿಗೆ ಕೈಹಾಕುವ ಮೊದಲು ಆ ಪುಸ್ತಕವನ್ನು ತೆರೆದು ನೋಡಿ.